ಮನೆಯವ್ರು ಮಿಲ್ಟ್ರ್ಯಾಗ ಹವಾಲ್ದಾರ್, ಈಗ ಪೆನ್ಷನ್ ಬರೂದು ಚಲೋನೋ ಇನ್ನೂ ಇರೂದು ಚಲೋನೋ?

ಗೋಕಾಕದಾಕಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನೆಯವ್ರು 2003ರಾಗ ಬೆಳಗಾವಿ ಮರಾಠಾ ಸೆಂಟರ್‌ನಾಗ ಭರ್ತಿ ಆದವ್ರು, ಈಗ ಹವಾಲ್ದಾರ್ ಅದಾರ, ಅರುಣಾಚಲ ಕಡೆ ಫೀಲ್ಡ್ ಪೋಸ್ಟಿಂಗ್. ಅಲ್ಲಿ ಫ್ಯಾಮಿಲಿ ಇಡಾಕ ಬರಂಗಿಲ್ಲ, ಹಂಗಾಗಿ ನಾನು ಎರಡು ಮಕ್ಕಳನ್ನ ಕಟ್ಕೊಂಡು ಅತ್ತಿ ಮಾವನ ಜೋಡಿ ಊರಾಗ ಅದೀನಿ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಮಾವಗ ಶುಗರ್, ಹೊಲ ಪಾಲಿಗೆ ಕೊಟ್ಟೀವಿ. ಹೋದ ಸಲ ರಜಾ ಬಂದಾಗ "ಸಾಕಾತು, ಪೇಪರ್ ಹಾಕಿ ಬಂದ್ಬಿಡ್ತೀನಿ" ಅಂದ್ರು. ಮುಂದಿನ ರ್‍ಯಾಂಕ್ ನಾಯಬ್ ಸುಬೇದಾರ್ ಆಗಾಕ ಸೀನಿಯಾರಿಟಿಯೊಳಗ ಇನ್ನೂ ಭಾಳ ಮಂದಿ ಮುಂದ ಅದಾರಂತ.

ರೊಕ್ಕದ ಲೆಕ್ಕ ಗೊತ್ತಿದ್ದವ್ರು ಹೇಳ್ರಿ. ಇನ್ನೊಂದು ಮಾತು, ನಗಬ್ಯಾಡ್ರಿ, ಮದುವಿ ಆಗಿ ಇಷ್ಟು ವರ್ಷಾತು ಖರೇ ಆದ್ರ ಪೀಸ್ (ಫ್ಯಾಮಿಲಿ ಇಡಾಕ ಬರೂ) ಪೋಸ್ಟಿಂಗ್‌ನಾಗ ಕ್ವಾರ್ಟರ್ಸ್ ಸಿಕ್ಕಾಗ ಬಿಟ್ರ ಕೂಡಿ ಇದ್ದಿದ್ದೇ ಕಡಿಮಿ. ರಜಾ ಬಂದಾಗ ಮೊದಲ ಎಂಟು ದಿನ ಹಬ್ಬ, ಆಮ್ಯಾಲೆ ಗ್ಯಾಸ್ ಯಾಕ ಹಿಂಗ ಇಟ್ಟಿ, ಹುಡುಗ ಯಾಕ ಆರಕ್ಕ ಏಳಂಗಿಲ್ಲ ಅಂತ ಶುರು. ಹೊಂದ್ಕೊಳ್ಳೂದ್ರಾಗ ಟ್ರಂಕ್ ಕಟ್ತಾರ. ಖಾಯಂ ಬಂದ್ರ ಹೆಂಗೋ ಅಂತ ಸ್ವಲ್ಪ ಅಂಜಿಕಿ ಐತ್ರಿ.

ಮಾಜಿ_ಸಿಎಚ್‌ಎಂ_ಹಾಸನ:
ತಂಗ್ಯಮ್ಮ, ನಾನೂ ಹವಾಲ್ದಾರ್ ಆಗೇ ರಿಟೈರ್ ಆದೋನು, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಕೊನೆಗೆ ಕಂಪನಿ ಹವಾಲ್ದಾರ್ ಮೇಜರ್ ಇದ್ದೆ. ಮೊದ್ಲು ದುಡ್ಡಿನ ವಿಷ್ಯ. 15 ವರ್ಷ ಆದ್ಮೇಲೆ ಪೆನ್ಷನ್ ಇದ್ದೇ ಇದೆ, ಅದಕ್ಕೆ ಭಯ ಇಲ್ಲ. ಆದ್ರೆ 8, 16, 24 ವರ್ಷಕ್ಕೆ ಎಂಎಸಿಪಿ ಅಂತ ಇದೆ, ಪ್ರಮೋಷನ್ ಸಿಗದಿದ್ರೂ ಸಂಬಳ ಮೇಲಿನ ಲೆವೆಲ್‌ಗೆ ಹೋಗುತ್ತೆ. ಹವಾಲ್ದಾರ್ ಪೇ ಲೆವೆಲ್ 5, ಮೂರನೇ ಎಂಎಸಿಪಿ ಸಿಕ್ಕಿದ್ರೆ ಲೆವೆಲ್ 6, ಅಂದ್ರೆ ನಾಯಬ್ ಸುಬೇದಾರ್ ಲೆವೆಲ್. ನಿಮ್ಮವ್ರಿಗೆ 24 ತುಂಬೋದು 2027ಕ್ಕೆ. ಹವಾಲ್ದಾರ್‌ಗೆ ಸರ್ವೀಸ್ ಇರೋದೇ 24 ವರ್ಷ, ಸ್ಕ್ರೀನಿಂಗ್‌ನಲ್ಲಿ ಪಾಸಾಗಿ ಎಕ್ಸ್‌ಟೆನ್ಷನ್ ಸಿಕ್ರೆ ಇನ್ನೆರಡು, ಎಂಎಸಿಪಿ ಪೂರ್ತಿ ಕೈಗೆ ಹತ್ತೋದು ಆ ಎರಡು ವರ್ಷದಲ್ಲಿ. ಇಷ್ಟು ದಿನ ತಡ್ಕೊಂಡು ಈಗ ದಡದ ಹತ್ರ ಪೇಪರ್ ಹಾಕೋದು ನನಗಂತೂ ಸರಿ ಕಾಣಲ್ಲ.

ಇನ್ನೊಂದು ಮುಖ್ಯ, ತಾವಾಗೇ ಬಿಟ್ಟು ಬರೋರಿಗೆ ಒನ್ ರ್‍ಯಾಂಕ್ ಒನ್ ಪೆನ್ಷನ್ (ಒಂದೇ ರ್‍ಯಾಂಕ್, ಅಷ್ಟೇ ಸರ್ವೀಸ್ ಇದ್ದೋರಿಗೆ, ಯಾವಾಗ ರಿಟೈರ್ ಆದ್ರೂ ಒಂದೇ ಪೆನ್ಷನ್) ಇಲ್ಲ ಅಂತ 2015ರ ನವೆಂಬರ್ ಆದೇಶದಲ್ಲೇ ಬರೆದಿದ್ರು, ಅದರ ಮೇಲೆ ಟ್ರಿಬ್ಯುನಲ್‌ನಲ್ಲಿ ಕೇಸೂ ನಡೀತು, ಹಾಗಾಗಿ ಪೇಪರ್ ಹಾಕೋ ಮುಂಚೆ ಬೆಳಗಾವಿ ರೆಕಾರ್ಡ್ಸ್ (ಸರ್ವೀಸ್ ದಾಖಲೆ ಇಡೋ) ಆಫೀಸ್‌ನಲ್ಲಿ ಈಗಿನ ಸ್ಥಿತಿ ಏನು ಅಂತ ಕೇಳ್ಕೊಳ್ಳೋಕೆ ಹೇಳಿ. ಕಮ್ಯುಟೇಷನ್, ಅಂದ್ರೆ ಪೆನ್ಷನ್‌ನ ಒಂದು ಭಾಗ ಮುಂಚೆನೇ ಒಟ್ಟಿಗೆ ತಗೊಳ್ಳೋದು, 50 ಪರ್ಸೆಂಟ್‌ವರೆಗೂ ತಗೋಬಹುದು, ಕೈಗೆ ದೊಡ್ಡ ಮೊತ್ತ ಬರುತ್ತೆ, ಆದ್ರೆ 15 ವರ್ಷ ಪೆನ್ಷನ್‌ನಲ್ಲಿ ಕಟ್ ಆಗ್ತಾ ಇರುತ್ತೆ. ಮನೆ ಕಟ್ಟೋಕೆ ಅಂತ ಎಲ್ಲಾ ಸುರಿದು ಆಮೇಲೆ ತಿಂಗಳ ಕೊನೆ ಎಣಿಸೋರನ್ನ ನೋಡಿದ್ದೀನಿ.

ಅವ್ರಿಗೆ ಸಾಕಾಗಿರೋದು ಯಾಕೆ ಅನ್ನೋದು ನನಗೆ ಗೊತ್ತಾಗುತ್ತೆ. ಹವಾಲ್ದಾರ್ ಅನ್ನೋದು ನಡುಮಧ್ಯದ ಜಾಗ ಕಣಮ್ಮ. ಮೇಲೆ ಜೆಸಿಓ (ನಾಯಬ್ ಸುಬೇದಾರ್, ಸುಬೇದಾರ್ ರ್‍ಯಾಂಕಿನ) ಸಾಹೇಬ್ರು, ಕೆಳಗೆ ಸೆಕ್ಷನ್‌ನ ಹತ್ತು ಜನ ಹುಡುಗ್ರು. ರೋಲ್‌ಕಾಲ್‌ನಲ್ಲಿ ಒಬ್ಬ ಕಮ್ಮಿ ಇದ್ರೆ ಬೈಸ್ಕೊಳ್ಳೋನು ಇವ್ನು, ಹುಡುಗನ ಮನೇಲಿ ತಾಯಿಗೆ ಹುಷಾರಿಲ್ಲ ಅಂದ್ರೆ ರಜಾಕ್ಕೆ ಸಾಹೇಬ್ರ ಹತ್ರ ಹೋಗಿ ನಿಲ್ಲೋನೂ ಇವ್ನೇ. ಹತ್ತು ಮನೆ ಸಂಕಟ ಕೇಳಿ ರಾತ್ರಿ ಗಾರ್ಡ್ ಚೆಕ್ ಮಾಡಿ ಬಂದು ಆಮೇಲೆ ತನ್ನ ಮನೆಗೆ ಫೋನ್ ಹಚ್ಚಿದ್ರೆ ನೆಟ್‌ವರ್ಕ್ ಇರಲ್ಲ. ಮನೇಲಿ ಗ್ಯಾಸ್ ಸಿಲಿಂಡರ್ ಬಗ್ಗೆ ರೇಗೋದು ಅದೇ ಅಭ್ಯಾಸ, ಬೇಜಾರು ಮಾಡ್ಕೋಬೇಡಿ.

ಹವಾಲ್ದಾರ್_ಮಗಳು:
ಅಕ್ಕಾ ನಿಮ್ಮ ಅಂಜಿಕೆ ಬಗ್ಗೆ ನಾನು ಬರೀತೀನಿ, ಯಾಕಂದ್ರೆ ಅದನ್ನ ಯಾರೂ ಮಾತಾಡಲ್ಲ. ನಮ್ಮಪ್ಪ ಆರ್ಟಿಲರಿ. ಎರಡು ಊರಲ್ಲಿ ಕೇಂದ್ರೀಯ ವಿದ್ಯಾಲಯದಲ್ಲಿ ಓದ್ದೆ, ಒಂದು ಕಡೆ ಕ್ವಾರ್ಟರ್ಸ್ ವೇಟಿಂಗ್ ಲಿಸ್ಟ್ ಅಂತ ಮತ್ತೆ ಊರಿಗೆ ಬಂದು ಕನ್ನಡ ಮೀಡಿಯಂ, ಅಲ್ಲಿ ಕನ್ನಡ ಒತ್ತಕ್ಷರ ಬರಲ್ಲ ಅಂತ ಟೀಚರ್ ಎದ್ದು ನಿಲ್ಲಿಸ್ತಿದ್ರು ಹಿಂದಿ ಮಾತ್ರ ಪಟಪಟ ಬರ್ತಿತ್ತು 😄

ಅಪ್ಪ ರಿಟೈರ್ ಆಗಿ ಬಂದಾಗ ಮೊದಲ ವರ್ಷ ಮನೇಲಿ ಜಗಳವೋ ಜಗಳ. ಬ್ಯಾಂಕು, ತೋಟದ ಆಳು, ನನ್ನ ಫೀಸು ಎಲ್ಲಾ ಅಷ್ಟು ವರ್ಷ ಅಮ್ಮ ನೋಡ್ಕೊಂಡಿದ್ಳು, ಬಂದ ತಕ್ಷಣ ಅಪ್ಪ ಚಾರ್ಜ್ ತಗೊಳ್ಳೋಕೆ ನೋಡಿದ್ರು. ಅಮ್ಮ ಒಂದು ದಿನ ಸುಮ್ನೆ ಪಾಸ್‌ಬುಕ್ಕು ಪಹಣಿ ಎಲ್ಲಾ ತಂದು ಮುಂದೆ ಇಟ್ಟು "ಹ್ಯಾಂಡಿಂಗ್ ಟೇಕಿಂಗ್ ಮಾಡ್ಕೊಳ್ಳಿ, ಆದ್ರೆ ಒಂದೊಂದೇ ಕಲಿತು" ಅಂದ್ಳು. ಅಪ್ಪಂಗೆ ಆ ಮಿಲಿಟರಿ ಭಾಷೆ ಅರ್ಥ ಆಯ್ತು. ಆಮೇಲೆ ಅಂಚೆ ಕಚೇರಿ, ಇಸಿಎಚ್‌ಎಸ್ (ಮಾಜಿ ಸೈನಿಕರ ಆಸ್ಪತ್ರೆ ಯೋಜನೆ), ಕ್ಯಾಂಟೀನ್ ಅಪ್ಪಂದು, ತೋಟ ಅಮ್ಮಂದು. ಮನೇಲಿ ಖಾಲಿ ಕೂತ್ರೆ ಮಾತ್ರ ಕಷ್ಟ ಅಕ್ಕಾ, ಅಪ್ಪ ಬೆಳಿಗ್ಗೆ ನಾಲ್ಕೂವರೆಗೆ ಶೇವ್ ಮಾಡಿ ರೆಡಿ, ಹೋಗೋಕೆ ಜಾಗ ಇಲ್ಲ. ಕೆಲಸ ಏನು ಅಂತ ಬರೋ ಮೊದಲೇ ಯೋಚಿಸಿ.

ಕಾವೇರಿ_ತೀರ:
ನಾನು ಉಲ್ಟಾ ಹೇಳ್ತೀನಿ. ಬರ್ಲಿ ಬಿಡಿ. ಎಂಎಸಿಪಿ ಕೊಡೋ ದುಡ್ಡಿಗಿಂತ ಮಗಳ ಪಿಯುಸಿ ಎರಡು ವರ್ಷ ಅಪ್ಪ ಮನೇಲಿರೋದು ದೊಡ್ದು. ನಮ್ಮೋರು ರಿಟೈರ್ ಆಗೋ ಮೊದ್ಲೇ ಡಿಜಿಆರ್ (ರಿಟೈರ್ ಆಗೋ ಸೈನಿಕರ ಪುನರ್ವಸತಿ ಇಲಾಖೆ) ಕೋರ್ಸ್ ಮಾಡಿದ್ರು, ಜವಾನ್ ಜೆಸಿಓಗಳಿಗೆ 24 ವಾರದವರೆಗೂ ಕೋರ್ಸ್ ಇರ್ತವೆ. ಸೆಂಟ್ರಲ್ ಗ್ರೂಪ್ ಸಿ ಕೆಲಸದಲ್ಲಿ 10 ಪರ್ಸೆಂಟ್ ಮಾಜಿ ಸೈನಿಕರಿಗೆ ಇದೆ, ಆದ್ರೆ ಪರೀಕ್ಷೆ ಬರೀಬೇಕಲ್ಲ, ನಲವತ್ತು ದಾಟಿದೋರು ಹುಡುಗ್ರ ಪಕ್ಕ ಕೂತು ಗಣಿತ ಮಾಡೋದು ಸುಲಭ ಅಲ್ಲ. ಬ್ಯಾಂಕ್ ಗಾರ್ಡ್ ಕೆಲಸವೇ ಹೆಚ್ಚು ಜನಕ್ಕೆ ಸಿಗೋದು, ಅದರಲ್ಲಿ ನಾಚಿಕೆ ಏನಿಲ್ಲ. ಮಗ ಚಿಕ್ಕವನಿದ್ರೆ ನಿಮ್ಮ ಬೆಳಗಾವಿ ರಾಷ್ಟ್ರೀಯ ಮಿಲಿಟರಿ ಸ್ಕೂಲ್ ನೋಡಿ, ಜವಾನ್ ಮಕ್ಕಳಿಗೇ ಜಾಸ್ತಿ ಸೀಟು.

ಮಾಜಿ_ಸಿಎಚ್‌ಎಂ_ಹಾಸನ:
ಕಾವೇರಿಯವರ ಮಾತೂ ಸುಳ್ಳಲ್ಲ. ಆದ್ರೂ ವರ್ಷಕ್ಕೆ 60 ದಿನ ಆನ್ಯುವಲ್ ಲೀವ್, 30 ದಿನ ಕ್ಯಾಶುವಲ್ ಇದೆ, ಮಗಳ ಪರೀಕ್ಷೆ ಹೊತ್ತಿಗೆ ಹೊಂದಿಸ್ಕೊಂಡು ತಗೊಂಡ್ರೆ 2027 ದೂರ ಇಲ್ಲ. ತಂಗ್ಯಮ್ಮ, ಒಂದು ಕೆಲಸ ಈಗ್ಲೇ ಮಾಡಿ. ನಿಮ್ಮ ಮದುವೆ, ಮಕ್ಕಳು ಹುಟ್ಟಿದ್ದು ಎಲ್ಲಾ ಪಾರ್ಟ್ ಟೂ ಆರ್ಡರ್ (ಸರ್ವೀಸ್ ದಾಖಲೆಗೆ ಸೇರಿಸೋ ಆದೇಶ) ಆಗಿದ್ಯಾ, ಅದರಲ್ಲಿರೋ ಹೆಸರು ಹುಟ್ಟಿದ ದಿನ ನಿಮ್ಮ ಆಧಾರ್‌ಗೆ ಸರಿ ಇದ್ಯಾ ನೋಡಿ. ಈಗ ಪೆನ್ಷನ್ ಎಲ್ಲಾ ಸ್ಪರ್ಶ್ ಅನ್ನೋ ಆನ್‌ಲೈನ್ ಪೋರ್ಟಲ್‌ನಲ್ಲಿ, ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಫ್ಯಾಮಿಲಿ ಪೆನ್ಷನ್‌ಗೆ ಅಲೆದಾಟ.

ಗೋಕಾಕದಾಕಿ:
ಅಣ್ಣಾರ, ನೀವು ಹೇಳಿದ ಮ್ಯಾಲೆ ತಗದು ನೋಡಿದೆ, ಅವರ ಕಾಗದದಾಗ ನನ್ನ ತವರಮನಿ ಹೆಸರು ಐತಿ, ಆಧಾರ್‌ನಾಗ ಮದುವಿ ಆದ ಮ್ಯಾಲಿನ ಹೆಸರು!! ಇದನ್ನ ನಾನು ಇಲ್ಲಿಂದ ಮಾಡಿಸಾಕ ಬರತೈತೇನ್ರಿ ಇಲ್ಲಾ ಅವ್ರೇ ಮಾಡಬೇಕೋ? ಪೇಪರ್ ಹಾಕೂದು ಸದ್ಯ ಬ್ಯಾಡ ಅಂತ ನಿನ್ನಿ ಫೋನಿನಾಗ ಹೇಳೀನಿ, ನೋಡೂಣು ಅಂದ್ರು.

ಮಾಜಿ_ಸಿಎಚ್‌ಎಂ_ಹಾಸನ:
ಅವ್ರೇ ಯೂನಿಟ್‌ನಿಂದ ರೆಕಾರ್ಡ್ಸ್‌ಗೆ ಕಳಿಸ್ಬೇಕು. ನೀವು ಇಲ್ಲಿಂದ ಅಫಿಡವಿಟ್ಟು, ಮದುವೆ ಸರ್ಟಿಫಿಕೇಟು, ಆಧಾರ್ ಕಾಪಿ ರೆಡಿ ಮಾಡಿ ಇಟ್ಕೊಳ್ಳಿ, ಇನ್ನೇನು ಬೇಕು ಅಂತ ಅವ್ರ ಆಫೀಸ್ ಕ್ಲರ್ಕ್ ಹೇಳ್ತಾರೆ. ಸರ್ವೀಸ್‌ನಲ್ಲಿ ಇರೋವಾಗ್ಲೇ ಮುಗಿಸ್ಕೊಳ್ಳಿ, ಹೊರಗೆ ಬಂದ್ಮೇಲೆ ನಿಧಾನ ಆಗುತ್ತೆ.