ಸಹಾಯ ಬೇಕು: ಸೈಮಾ ಸರೋವರಕ್ಕೆ ಮಾರ್ಚ್‌ನಲ್ಲಿ ಹೋಗುವುದೋ, ಮೇನಲ್ಲೋ?

ಫಿನ್‌ಲೆಂಡಿನ ಕನ್ನಡ ಬಂಧುಗಳಿಗೆ ನಮಸ್ಕಾರ. ಮುಂದಿನ ವರ್ಷ ಅಪ್ಪ, ಅಮ್ಮ ಶಿವಮೊಗ್ಗದಿಂದ ಎಸ್ಪೂಗೆ ಬರುತ್ತಿದ್ದಾರೆ. ಸವೊನ್‌ಲಿನ್ನಾ ಬಳಿ ಸರೋವರದ ದಂಡೆಯ ಮರದ ಮನೆಯೊಂದನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿಯುವ ಯೋಚನೆ ಇದೆ. ಯಾವಾಗ ಎಂಬುದರಲ್ಲೇ ಮನೆಯಲ್ಲಿ ಒಮ್ಮತವಿಲ್ಲ.

ನನ್ನ ಒಲವು ಮೇ ತಿಂಗಳತ್ತ. ಸೈಮಾ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಸೀಲ್‌ಗಳು (ಒಟ್ಟು ಇರುವುದೇ ಸುಮಾರು 500) ಆಗ ರೋಮ ಉದುರಿಸುತ್ತ, ನೀರಿನಿಂದ ಎದ್ದ ಬಂಡೆಗಳ ಮೇಲೆ ಹೊಟ್ಟೆ ಹರವಿಕೊಂಡು ಬಿಸಿಲು ಕಾಯಿಸುತ್ತವೆಯಂತೆ. ಅಪ್ಪನಿಗೋ ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವ ಹಟ. ನಮ್ಮ ಯಜಮಾನರು ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕೋಣ, ಅದಕ್ಕೆ ಪರವಾನಗಿಯೂ ಬೇಡ ಎನ್ನುತ್ತಾರೆ. ಮೀನು ಮುಟ್ಟದ ಮನೆಯವರು ಆ ತೂತಿನ ಮುಂದೆ ಕೂತು ಏನು ಮಾಡುವುದೋ!

ನಮಗೆ ಕಾರಿಲ್ಲ. ಹೆಲ್ಸಿಂಕಿಯಿಂದ ಪರಿಕ್ಕಲದಲ್ಲಿ ರೈಲು ಬದಲಿಸಿ ಸವೊನ್‌ಲಿನ್ನಾ ತಲುಪಬಹುದು. ಅಲ್ಲಿಂದ ಮುಂದೆ ಹೇಗೆ? ಲಿನ್ನನ್‌ಸಾರಿ ರಾಷ್ಟ್ರೀಯ ಉದ್ಯಾನಕ್ಕೆ ಓರವಿಯಿಂದ ದೋಣಿಗಳು ಮೇ ತಿಂಗಳಲ್ಲೇ ಶುರುವಾಗುತ್ತವೆಯೇ? ಅಮ್ಮನಿಗೆ ಮಂಡಿನೋವು. 1475ರಲ್ಲಿ ಕಟ್ಟಲು ಶುರುವಾದ ಓಲವಿನ್‌ಲಿನ್ನಾ ಕೋಟೆಯ ಕಡಿದಾದ ಮೆಟ್ಟಿಲು ಅವರಿಂದ ಆಗದು. ಪುಂಕಹರ್ಯುವಿನಲ್ಲಿ ಎರಡೂ ಬದಿ ನೀರಿರುವ ದಿಬ್ಬದ ದಾರಿಯಲ್ಲಿ ಅವರು ನಿಧಾನವಾಗಿ ನಡೆಯಬಹುದೇ? ಮಾರ್ಚ್‌ನಲ್ಲಿ ಹೋದರೆ ಜಾರದ ಬೂಟುಗಳು ಬಾಡಿಗೆಗೆ ಸಿಗುತ್ತವೆಯೇ, ಕೊಳ್ಳಲೇಬೇಕೇ?

ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಅಕ್ಕಿ, ಬೇಳೆ, ಕುಕ್ಕರ್ ನಾವೇ ಹೊರುತ್ತೇವೆ. ಆ ಚಿಂತೆ ಇಲ್ಲ.