ಪದಚರ್ಚೆ: ‘ಫೇಸಿಂಗ್’ಗೆ ಅಂಚು ಅನ್ನೋಣವೇ, ಮಡಿಪು ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ನೆಪೋಲಿಯನ್ ಕಾಲದ ಒಂದು ಯುದ್ಧದ ವಿಡಿಯೋ ಗೇಮ್‌ಗೆ ನಾವು ನಾಲ್ಕು ಜನ ಗೆಳೆಯರು ಸೇರಿ ಕನ್ನಡ ಬರಹ ಹಾಕುತ್ತಿದ್ದೇವೆ. ದುಡ್ಡಿನ ಕೆಲಸವಲ್ಲ, ಸುಮ್ನೆ ಖುಷಿಗೆ. ಪ್ರತಿ ದಳದ ಚಿತ್ರದ ಕೆಳಗೆ ಅದರ ಸಮವಸ್ತ್ರದ ಬಗ್ಗೆ ಎರಡು ಸಾಲು ಬರೆಯಬೇಕು. ಮೊದಲ ದಿನವೇ ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿತು. ಫೇಸಿಂಗ್.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಆ ಕಾಲದ ಬ್ರಿಟಿಷ್ ಕಾಲಾಳುಗಳಲ್ಲಿ ಹೆಚ್ಚಿನವರು ಕೆಂಪು ಕೋಟಿನವರು. ಎಲ್ಲರೂ ಕೆಂಪಾದರೆ ಯಾರು ಯಾವ ರೆಜಿಮೆಂಟು? ಅದನ್ನು ಕಾಲರ್, ತೋಳಿನ ಕಫ್, ಎದೆಯ ಮೇಲೆ ಮಡಚಿದ ಲಪೆಲ್ ಹೇಳುತ್ತಿದ್ದವು. ಇಷ್ಟಕ್ಕೆ ಮಾತ್ರ ಬೇರೆ ಬಣ್ಣ. ಈ ಬೇರೆ ಬಣ್ಣದ ಭಾಗಗಳಿಗೇ ಫೇಸಿಂಗ್ ಅನ್ನುವುದು. ಹೆಸರಿನಲ್ಲಿ ‘ರಾಯಲ್’ ಇದ್ದವರಿಗೆ ನೀಲಿ. 19ನೇ ರೆಜಿಮೆಂಟಿಗೆ ಹಸಿರು. ಮೊದಲು ರೆಜಿಮೆಂಟನ್ನು ಅದರ ಕರ್ನಲ್ ಹೆಸರಿನಿಂದಲೇ ಕರೆಯುತ್ತಿದ್ದರು. ಒಂದು ಸಲ ಎರಡು ರೆಜಿಮೆಂಟುಗಳ ಕರ್ನಲ್‌ಗಳೂ ಹೋವರ್ಡ್ ಆಗಿಬಿಟ್ಟರು. ಆಗ ಫೇಸಿಂಗ್ ಬಣ್ಣ ಸೇರಿಸಿ ಈ 19ನೇ ರೆಜಿಮೆಂಟನ್ನು ‘ಗ್ರೀನ್ ಹೋವರ್ಡ್ಸ್’ ಅಂದರು. ಆ ಹೆಸರೇ ಉಳಿದುಕೊಂಡಿತು. ನಮ್ಮಲ್ಲೂ ಒಂದೇ ಬೀದಿಯಲ್ಲಿ ಇಬ್ಬರು ಮಂಜಣ್ಣ ಇದ್ದರೆ ‘ಹಸಿರು ಗೇಟಿನ ಮಂಜಣ್ಣ’ ಅನ್ನುತ್ತೇವಲ್ಲ, ಹಾಗೆ. 33ನೇ ರೆಜಿಮೆಂಟಿನದೋ, ಕೆಂಪಿನ ಮೇಲೆ ಕೆಂಪು. 1799ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಿಕ್ಕು ತಪ್ಪಿ ಒದ್ದಾಡಿದ್ದು ಇದೇ ರೆಜಿಮೆಂಟಿನ ಜೊತೆ.

ಈಗ ಪದಕ್ಕೆ ಬರೋಣ. ಮೊದಲು ಅಮ್ಮನಿಗೆ ಚಿತ್ರ ತೋರಿಸಿದೆ. ಒಂದು ಕ್ಷಣವೂ ಯೋಚಿಸದೆ ‘ಕೆಂಪು ಒಡಲು, ಹಸಿರು ಅಂಚು, ಅಷ್ಟೇ ಅಲ್ವಾ?’ ಅಂದರು. ಸೀರೆಯ ಭಾಷೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ‘ಒಡಲು’ ಅನ್ನುವುದನ್ನು ಕೋಟಿನ ಮುಖ್ಯ ಬಣ್ಣಕ್ಕೆ ಆಗಲೇ ಇಟ್ಟುಕೊಂಡಿದ್ದೇನೆ, ಬಿಡುವುದಿಲ್ಲ. ಆದರೆ ‘ಅಂಚು’ ಫ್ರೆಂಚರ ಹತ್ತಿರ ಕೈಕೊಟ್ಟಿತು. ಅವರ ಕಾಲಾಳಿನದು ನೀಲಿ ಕೋಟು. ಲಪೆಲ್ ಬಿಳಿ, ಅದರ ಸುತ್ತ ಕೆಂಪು ಗೆರೆ. ಕಾಲರ್ ಕೆಂಪು, ಅದರ ಸುತ್ತ ಬಿಳಿ ಗೆರೆ. ಈ ತೆಳು ಗೆರೆಯೇ ನಿಜವಾದ ಅಂಚು. ಇಡೀ ಕಾಲರನ್ನೇ ಅಂಚು ಅಂದುಬಿಟ್ಟರೆ ಈ ಗೆರೆಗೆ ಏನನ್ನಲಿ? ಅಂಚಿನ ಅಂಚೇ?

ನಮ್ಮ ಬೀದಿಯ ಟೈಲರ್ ಅವರನ್ನೂ ಕೇಳಿದೆ. ‘ಓ, ಬ್ಯಾಂಡ್‌ಸೆಟ್‌ನವರ ಕೋಟು! ಕಾಂಟ್ರಾಸ್ಟ್ ಕಾಲರ್, ಕಾಂಟ್ರಾಸ್ಟ್ ಕಫ್ಫು, ಸುತ್ತ ಪೈಪಿಂಗ್’ ಅಂದರು. ಅವರ ಲೆಕ್ಕ ಖಚಿತವಾಗಿದೆ, ಎರಡಕ್ಕೆ ಎರಡು ಪದ ಬೇರೆ ಬೇರೆ ಇವೆ. ಆದರೆ ‘ಹಸಿರು ಕಾಂಟ್ರಾಸ್ಟಿನ 19ನೇ ರೆಜಿಮೆಂಟು’ ಅಂತ ಬರೆಯಲು ಕೈ ಬರುತ್ತಿಲ್ಲ.

ಗೆಳೆಯನೊಬ್ಬ ‘ಗುರುತು ಬಣ್ಣ’ ಅಂದ. ಜರ್ಮನ್ನರು ಇದನ್ನು ಹೆಚ್ಚುಕಡಿಮೆ ಹೀಗೇ ಕರೆಯುತ್ತಾರೆ. ಅವರ ಪದವನ್ನು ಬಿಡಿಸಿದರೆ ‘ಗುರುತಿನ ಬಣ್ಣ’ ಅಂತಲೇ ಬರುತ್ತದೆ. ಪುಸ್ತಕದಲ್ಲಾದರೆ ನಾನು ಕಣ್ಣುಮುಚ್ಚಿ ಒಪ್ಪುತ್ತಿದ್ದೆ. ಆಟದಲ್ಲಿ ತೊಡಕಿದೆ. ಇಂಥ ಆಟಗಳಲ್ಲಿ ಆಡುವವನಿಗೊಂದು ಬಣ್ಣ ಇರುತ್ತದೆ. ನನ್ನ ಸೈನ್ಯ ನೀಲಿ, ನಿನ್ನದು ಹಳದಿ. ಎಷ್ಟೋ ಆಟಗಳು ಆ ಬಣ್ಣವನ್ನೇ ಸೈನಿಕನ ಕೋಟಿಗೆ ಬಳಿಯುತ್ತವೆ. ಆಸ್ಟ್ರಿಯಾದ ಕಾಲಾಳು ಬಿಳಿ ಕೋಟು ಬಿಟ್ಟು ಹಳದಿ ತೊಟ್ಟು ನಿಲ್ಲುವುದು ಹೀಗೆ. ‘ಗುರುತು ಬಣ್ಣ’ ಅಂದ ಕೂಡಲೇ ಆಡುವವರ ತಲೆಗೆ ಬರುವುದು ಆ ಬಣ್ಣ, ರೆಜಿಮೆಂಟಿನದಲ್ಲ.

ಕೊನೆಗೆ ನನಗೆ ತೋಚಿದ್ದು ‘ಮಡಿಪು’. ಹಳೆಯ ಕೋಟಿಗೆ ಬೇರೆ ಬಣ್ಣದ ಒಳಪದರ ಇರುತ್ತಿತ್ತು. ತೋಳನ್ನೂ ಎದೆಯ ಭಾಗವನ್ನೂ ಹಿಂದಕ್ಕೆ ಮಡಚಿದಾಗ ಆ ಒಳಬಣ್ಣ ಹೊರಗೆ ಕಾಣುತ್ತಿತ್ತು. ಫೇಸಿಂಗ್ ಬೆಳೆದು ಬಂದದ್ದೇ ಈ ಮಡಿಪಿನಿಂದ. ‘ಹಸಿರು ಮಡಿಪು, ಬಿಳಿ ಅಂಚು’ ಅಂದರೆ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. ‘ಮಡಿಕೆ’ ಅಂತಲೂ ಬರೆದು ನೋಡಿದೆ. ಓದಿದವರಿಗೆಲ್ಲ ನೀರಿನ ಮಡಿಕೆ ನೆನಪಾಯಿತು, ಕೈಬಿಟ್ಟೆ. ಕಾಲರ್ ಮಡಚಿದ್ದಲ್ಲವಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಅಲ್ಲಿ ಪದ ಸ್ವಲ್ಪ ಜಗ್ಗುತ್ತದೆ.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಬೇಕು. ಟೋಪಿಯ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ಫ್ರೆಂಚ್ ಸಾಲು ಕಾಲಾಳುಗಳಿಗೆ (ಅಂದರೆ ಸಾಮಾನ್ಯ ಕಾಲಾಳು ದಳಗಳಿಗೆ) ಷಾಕೋ ಅನ್ನುವ ಎತ್ತರದ ಡಬ್ಬಿಯಂಥ ಟೋಪಿ ಕೊಡಲು ಆದೇಶವಾದದ್ದು 1806ರಲ್ಲಿ. 1805ರ ಡಿಸೆಂಬರ್ 2ರ ಆಸ್ಟರ್ಲಿಟ್ಜ್ ಕದನದಲ್ಲಿ ಅವರ ತಲೆ ಮೇಲೆ ಇದ್ದದ್ದು ಎರಡು ಮೂಲೆಯ ಹಳೇ ಟೋಪಿ. ಆಟದಲ್ಲಿ ಆ ಕದನಕ್ಕೂ ಷಾಕೋ ತೊಡಿಸಿ ನಿಲ್ಲಿಸಿದ್ದಾರೆ. ನಾನು ಮೊದಲ ಕರಡಿನಲ್ಲಿ ಎರಡಕ್ಕೂ ‘ಟೋಪಿ’ ಅಂತಲೇ ಬರೆದಿದ್ದೆ. ಚಿತ್ರದ ತಪ್ಪನ್ನು ಕನ್ನಡ ಚೆನ್ನಾಗಿ ಮುಚ್ಚಿಹಾಕಿತ್ತು! ಈಗ ‘ಷಾಕೋ’ವನ್ನು ಹಾಗೇ ಉಳಿಸಿದ್ದೇನೆ. ಅದು ಇಂಗ್ಲಿಷಿಗೂ ಹಂಗೇರಿಯನ್‌ನಿಂದ ಬಂದ ಸಾಲ, ನಾವೂ ತೆಗೆದುಕೊಂಡರೆ ತಪ್ಪೇನಿಲ್ಲ. ಇನ್ನೊಂದಕ್ಕೆ ‘ಇಮ್ಮೂಲೆ ಟೋಪಿ’, ಅದಕ್ಕೂ ಹಿಂದಿನದಕ್ಕೆ ‘ಮುಮ್ಮೂಲೆ ಟೋಪಿ’. ಕರಡಿ ತುಪ್ಪಳದ್ದು ‘ಕರಡಿಟೋಪಿ’. ಅಂದಹಾಗೆ ವಾಟರ್ಲೂನಲ್ಲಿ ಬ್ರಿಟಿಷ್ ಗಾರ್ಡ್ಸ್ (ರಾಜನ ಕಾವಲು ದಳದವರು) ಎಲ್ಲರಿಗೂ ಅದನ್ನು ತೊಡಿಸುವುದೂ ತಪ್ಪು. ಗ್ರೆನೇಡಿಯರ್ ಗಾರ್ಡ್ಸ್ ಅನ್ನುವ ಹೆಸರೂ, ಇಡೀ ರೆಜಿಮೆಂಟಿಗೆ ಆ ಟೋಪಿಯೂ ಬಂದದ್ದು 1815ರ ಆ ಕದನ ಮುಗಿದ ಮೇಲೆ.

ತೊಂದರೆ ಕೊಡದ ಪದಗಳೂ ಇವೆ. ಟೋಪಿಯ ಗರಿಗೆ ತುರಾಯಿ, ಹೆಗಲ ಮೇಲಿನದಕ್ಕೆ ಹೆಗಲಪಟ್ಟಿ, ಅದರಿಂದ ಇಳಿಬಿದ್ದ ನೂಲಿಗೆ ಕುಚ್ಚು. ಫ್ರೆಂಚ್ ಗ್ರೆನೇಡಿಯರ್‌ಗೆ, ಅಂದರೆ ಆಯ್ದ ಕಾಲಾಳಿಗೆ, ಕೆಂಪು ಕುಚ್ಚು. ಸೀರೆ ಇಲ್ಲೂ ಕೈಹಿಡಿಯಿತು.

ಇನ್ನೊಂದು ಬಣ್ಣ ಉಳಿದಿದೆ, ಬಫ್. ಮೇಲೆ ಹೇಳಿದ ಇನ್ನೊಬ್ಬ ಹೋವರ್ಡ್‌ನ 3ನೇ ರೆಜಿಮೆಂಟಿಗೆ ‘ಬಫ್ಸ್’ ಅಂತಲೇ ಹೆಸರು. ಹದ ಮಾಡಿದ ಎಮ್ಮೆ ಜಾತಿಯ ತೊಗಲಿನ ಮಾಸಲು ಹಳದಿ ಅದು. ಪದದ ಬೇರಿನಲ್ಲೂ ಎಮ್ಮೆಯೇ ಇದೆ. ಆದರೆ ಕನ್ನಡದಲ್ಲಿ ಎಮ್ಮೆ ಬಣ್ಣ ಅಂದರೆ ಕಪ್ಪು! ಗೋಧಿ ಬಣ್ಣ ಅಂದರೆ ಮದುವೆ ಜಾಹೀರಾತಿನ ನೆನಪು. ‘ತೊಗಲು ಬಣ್ಣ’ ಆಗಬಹುದೇ?

‘ಮಡಿಪು’ ನಿಮ್ಮ ಕಡೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಪೊಲೀಸ್ ಅಥವಾ ಅರಮನೆ ಬ್ಯಾಂಡಿನ ಉಡುಪು ಹೊಲಿಯುವವರ ಮನೆಯಿಂದ ಬಂದವರು ಯಾರಾದರೂ ಇಲ್ಲಿದ್ದರೆ, ಬೇರೆ ಬಣ್ಣದ ಕಾಲರಿಗೆ ಹಿರಿಯರು ಏನನ್ನುತ್ತಿದ್ದರು ಅಂತ ಕೇಳಿ ಬರೆಯುತ್ತೀರಾ?