ಪರಗ್ರಹದ ‘ಪರ’, ಪರವಾಗಿಯ ‘ಪರ’

ಗೆಳೆಯರೆ,

ಒಂದು ತಲೆಬರಹಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಪಾಂಡವಪುರದ ಹತ್ತಿರದ ನಮ್ಮೂರಿನ ಶಾಲೆಯ ಗೋಡೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕಿ ವಿಜ್ಞಾನದ ಆರು ಫಲಕ ಬರೆಸುತ್ತಿದ್ದಾರೆ. ಮೈಸೂರಿನಲ್ಲಿ ಕೂತು ಪ್ರೂಫ್ ನೋಡುವವನು ಅಂತ ಒಕ್ಕಣೆಯ ಕೆಲಸ ನನ್ನ ತಲೆಗೆ ಕಟ್ಟಿದರು. ಐದು ಮುಗಿದಿವೆ. ಆರನೆಯದು, ಭೂಮಿ ಬಿಟ್ಟು ಬೇರೆಲ್ಲಾದರೂ ನಮ್ಮಂತೆ ಯೋಚಿಸುವವರು ಇದ್ದಾರೆಯೇ ಎಂಬ ವಿಷಯದ್ದು. ಒಳಗಿನ ಬರಹ ಸಿದ್ಧ, ಮೇಲಿನ ಒಂದು ಸಾಲು ಇಲ್ಲ.

ಮೊದಲು ‘ಭೂಮ್ಯತೀತ ಬುದ್ಧಿಮತ್ತೆ’ ಎಂದು ಕಳಿಸಿದ್ದೆ. ಬೋರ್ಡು ಬರೆಯುವವನು ಫೋನ್ ಮಾಡಿದ. “ಸಾರ್, ಮ್ಯ, ದ್ಧಿ, ತ್ತೆ ಎಲ್ಲಾ ಒತ್ತೂ ಕೆಳಗಿನ ಗೆರೆಗೆ ಬಡೀತವೆ, ಅಕ್ಷರ ಸಣ್ಣ ಮಾಡ್ಲಾ?” ಎಂದ. ಅಕ್ಷರ ಸಣ್ಣದಾಗುವುದಿರಲಿ, ಐದನೇ ಕ್ಲಾಸಿನ ಮಗು ಅದನ್ನು ಓದಿ ಮುಗಿಸುವುದರೊಳಗೆ ಊಟದ ಬೆಲ್ಲು ಹೊಡೆದಿರುತ್ತದೆ. ಅದನ್ನು ಬಿಟ್ಟೆ.

ಪತ್ರಿಕೆಗಳು ‘ಅನ್ಯಗ್ರಹ ಜೀವಿ’ ಎಂದೇ ಬರೆಯುತ್ತವೆ, ಟೀವಿಯವರು ‘ಏಲಿಯನ್’ ಎನ್ನುತ್ತಾರೆ. ಏಲಿಯನ್ ಬಗ್ಗೆ ನನಗೆ ತಕರಾರಿಲ್ಲ, ಮಕ್ಕಳ ಬಾಯಲ್ಲಿ ಅದಾಗಲೇ ಕನ್ನಡ. ‘ಅನ್ಯಗ್ರಹ’ ಮಾತ್ರ ನೋಡಿದಷ್ಟೂ ಸೋಜಿಗ. ನಮ್ಮ ಹಳೆಯ ಲೆಕ್ಕದ ಒಂಬತ್ತು ಗ್ರಹಗಳಲ್ಲಿ ರವಿ ಉಂಟು, ಚಂದ್ರ ಉಂಟು, ರಾಹು ಕೇತುಗಳೂ ಉಂಟು, ಭೂಮಿ ಇಲ್ಲ. ಗ್ರಹ ಅಂದರೆ ಮೇಲಿರುವುದು, ಹಿಡಿಯುವುದು. ನಮ್ಮ ಕಡೆ ಗ್ರಹ ಹಿಡಿಯುತ್ತದೆ, ಬಿಡುತ್ತದೆ, ಕೆಟ್ಟಿರುತ್ತದೆ. ‘ಗ್ರಹಚಾರ’ಕ್ಕೆ ಒಳ್ಳೆಯ ಅರ್ಥವೇ ಉಳಿದಿಲ್ಲ. ಬೆಳಗಿನ ಜಾವ ಗದ್ದೆಗೆ ನೀರು ಕಟ್ಟಲು ಹೋಗುವವನು ಶುಕ್ರನನ್ನು ನೋಡಿ ‘ಬೆಳ್ಳಿ ಮೂಡ್ತು’ ಅಂತಾನೆಯೇ ಹೊರತು ಗ್ರಹ ಮೂಡಿತು ಅನ್ನುವುದಿಲ್ಲ. ಇಂಥ ಮಾತಿಗೆ ‘ಅನ್ಯ’ ಸೇರಬೇಕಾದರೆ ನಾವು ನಿಂತಿರುವುದೂ ಒಂದು ಗ್ರಹ ಎಂದು ಮೊದಲು ಒಪ್ಪಿರಬೇಕು. ಇದು ಗ್ರಹವಾದರೆ ತಾನೆ ಅದು ಅನ್ಯಗ್ರಹ? ಭೂಮಿಯನ್ನು ನಡುಮನೆಯಿಂದ ಎಬ್ಬಿಸಿ ಬುಧ, ಶುಕ್ರರ ಪಂಕ್ತಿಯಲ್ಲಿ ಕೂರಿಸಿದ್ದು 1543ರಲ್ಲಿ ಅಚ್ಚಾದ ಕೊಪರ್ನಿಕಸ್‌ನ ಪುಸ್ತಕ. ಅಷ್ಟು ದೊಡ್ಡ ಪಲ್ಲಟವನ್ನು ನಾವು ‘ಅನ್ಯ’ ಎಂಬ ಎರಡಕ್ಷರದಲ್ಲಿ ಸದ್ದಿಲ್ಲದೆ ನುಂಗಿಕೊಂಡಿದ್ದೇವೆ. (ನವಗ್ರಹ ಗುಡಿಯಲ್ಲೂ ನಡುವೆ ನಿಂತಿರುವವನು ಸೂರ್ಯನೇ. ಅವನ ಸುತ್ತ ಪ್ರದಕ್ಷಿಣೆ ಹಾಕುವವರು ನಾವು. ಭೂಮಿಯ ಮೂರ್ತಿ ಅಲ್ಲಿಲ್ಲ ಎನ್ನುವವರು ಇದನ್ನೂ ಸ್ವಲ್ಪ ಯೋಚಿಸಬಹುದು.)

ಗ್ರಹಕ್ಕೆ ಇನ್ನೊಂದು ತೊಡಕಿದೆ. 1995ರಲ್ಲಿ ಮಿಷೆಲ್ ಮೇಯರ್, ದಿದಿಯೆ ಕೆಲೋ ಇಬ್ಬರೂ ಸೂರ್ಯನಂಥ ಇನ್ನೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ಮೊದಲ ಬಾರಿಗೆ ಕಂಡುಹಿಡಿದರು, 2019ರಲ್ಲಿ ಅದಕ್ಕೆ ನೊಬೆಲ್ ಬಂತು. ಅಂಥವು ಈಗ ಐದು ಸಾವಿರ ದಾಟಿವೆ. ಅವನ್ನು ‘ಹೊರಗ್ರಹ’ ಎಂದು ಬರೆಯೋಣವೆಂದರೆ ಶಾಲೆಯ ಪುಸ್ತಕದಲ್ಲಿ ಗುರು, ಶನಿಗಳೇ ಹೊರಗ್ರಹಗಳು. ಎರಡನೇ ಫಲಕದಲ್ಲಿ ನಾನೇ ಹಾಗೆ ಬರೆಸಿದ್ದೇನೆ, ಪೇಂಟು ಒಣಗಿದೆ.

ಇನ್ನು ‘ಜೀವಿ’. ಹುಡುಕುತ್ತಿರುವುದು ಬರೀ ಜೀವವನ್ನಲ್ಲ, ಬುದ್ಧಿಯುಳ್ಳ ಜೀವವನ್ನು. ಹಾಗಾದರೆ ‘ಬುದ್ಧಿಜೀವಿ’ ಅನ್ನೋಣವೇ? ಪದವೇನೋ ಅಕ್ಷರಶಃ ಸರಿ. ಆದರೆ ‘ಬೇರೆ ಲೋಕದ ಬುದ್ಧಿಜೀವಿಗಳು’ ಎಂದು ಗೋಡೆಯ ಮೇಲೆ ಬರೆಸಿದರೆ ಊರಿನವರು ಸಂಜೆಯ ಟೀವಿ ಚರ್ಚೆಯಲ್ಲಿ ಕೂರುವವರು ಅಂದುಕೊಳ್ಳುತ್ತಾರೆ. ಬರೀ ‘ಬುದ್ಧಿ’ ಎಂದರೂ ಕಷ್ಟವೇ. ನಮ್ಮ ಕಡೆ ಹಿರಿಯರು ಮಠದ ಸ್ವಾಮಿಗಳನ್ನು ಕರೆಯುವುದೇ “ಬುದ್ಧೀ” ಎಂದು. “ಬತ್ತೀವಿ ಬುದ್ಧಿ” ಎಂದು ಅಡ್ಡಬಿದ್ದು ಬರುವ ಜನಕ್ಕೆ ‘ಆಕಾಶದ ಬುದ್ಧಿ’ ಎಂದರೆ ಯಾವುದೋ ಹೊಸ ಮಠ ಶುರುವಾದ ಹಾಗೆ ಕೇಳುತ್ತದೆ.

ತಮಾಷೆ ಬಿಟ್ಟು ನೋಡಿದರೆ ಇಲ್ಲಿ ವಿಷಯದ ಪ್ರಶ್ನೆಯೇ ಇದೆ. 1960ರ ಏಪ್ರಿಲ್‌ನಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನಲ್ಲಿ 26 ಮೀಟರ್ ಅಗಲದ ರೇಡಿಯೊ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆ ತಿರುಗಿಸಿದ. ಟೌ ಸೇಟಿ, ಎಪ್ಸಿಲಾನ್ ಎರಿಡಾನಿ, ಎರಡೂ ಹನ್ನೆರಡು ಜ್ಯೋತಿರ್ವರ್ಷದೊಳಗಿನವು. ಕಿವಿಗೊಟ್ಟದ್ದು 1420 ಮೆಗಾಹರ್ಟ್ಸ್‌ಗೆ. ಅದು ಜಲಜನಕದ ಸ್ವಂತ ತರಂಗ, ರೇಡಿಯೊ ಬಲ್ಲವರು ಯಾವ ಮೂಲೆಯಲ್ಲಿದ್ದರೂ ಅವರಿಗೆ ಗೊತ್ತಿರಲೇಬೇಕಾದ ತಾಣ. ಏನೂ ಕೇಳಲಿಲ್ಲ. ಮರುವರ್ಷ, ಅಂಥವರು ಎಷ್ಟಿರಬಹುದೆಂದು ಅಂದಾಜು ಹಾಕಲು ಅವನೇ ಒಂದು ಸಮೀಕರಣ ಬರೆದ. ಅದರಲ್ಲಿ ಜೀವ ಹುಟ್ಟಿದ ಗ್ರಹಗಳಲ್ಲಿ ಬುದ್ಧಿ ಹುಟ್ಟಿದವು ಎಷ್ಟು ಪಾಲು ಎಂಬುದು ಒಂದು ಅಂಶ; ಆ ಬುದ್ಧಿವಂತರಲ್ಲಿ ದೂರದವರಿಗೆ ತಿಳಿಯುವ ಹಾಗೆ ಸುಳಿವು ಕೊಡುವವರು ಎಷ್ಟು ಪಾಲು ಎಂಬುದು ಬೇರೆಯೇ ಅಂಶ. ಬುದ್ಧಿ ಇರುವುದು ಒಂದು, ಬಾಯಿ ಇರುವುದು ಇನ್ನೊಂದು. ಬಾಯಿದ್ದೋನು ಬರದಲ್ಲೂ ಬದುಕ್ದ ಅಂತಾರಲ್ಲ, ರೇಡಿಯೊ ದೂರದರ್ಶಕ ಹಿಡಿಯುವುದು ಅಂಥ ಬಾಯುಳ್ಳವರನ್ನು ಮಾತ್ರ. ಸಮುದ್ರದಡಿ ತನ್ನ ಪಾಡಿಗೆ ಪದ್ಯ ಕಟ್ಟುವ ಜೀವಿ ಎಲ್ಲಾದರೂ ಇದ್ದರೆ ಅದು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ. ಕನ್ನಡದಲ್ಲಿ ಎರಡನ್ನೂ ‘ಬುದ್ಧಿವಂತ ಜೀವಿಗಳ ಹುಡುಕಾಟ’ ಎಂದು ಒಂದೇ ಮೂಟೆ ಕಟ್ಟುತ್ತೇವೆ. ಸಿಗಬಹುದಾದದ್ದು ಬುದ್ಧಿಯಲ್ಲ, ಬುದ್ಧಿಯ ಕುರುಹು. ‘ಕುರುಹು’ ಎಂಬ ಪದವನ್ನು ಒಳಗಿನ ಬರಹದಲ್ಲಿ ಉಳಿಸಿಕೊಂಡಿದ್ದೇನೆ, ಯಾರೂ ಬೇಡ ಅನ್ನಬೇಡಿ.

ಈ ನಡುವೆ ಊರಿಗೆ ಹೋಗಿದ್ದೆ. ರಾತ್ರಿ ಕರೆಂಟು ಹೋಯಿತು. ಜಗಲಿಯ ಮೇಲೆ ದೊಡ್ಡವ್ವ ಕತ್ತಲಲ್ಲೇ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತಿದ್ದಳು. ಕಬ್ಬಿನ ಗದ್ದೆಯ ಮೇಲೆ ಆಕಾಶ ನಿಚ್ಚಳವಾಗಿತ್ತು. ಮಾತಿಗೆ ಮಾತು ಬಂದು, ಆ ಚುಕ್ಕಿಗಳ ಸುತ್ತ ಭೂಮಿಯಂಥವು ಇದಾವೆ, ಅಲ್ಲಿ ಜನ ಇದಾರಾ ಅಂತ ಅರವತ್ತು ವರ್ಷದಿಂದ ಹುಡುಕ್ತಾ ಇದಾರೆ ಎಂದೆ.

“ಸಿಕ್ಕುದ್ರಾ?”

“ಇನ್ನೂ ಇಲ್ಲ.”

ಎಲೆಯ ಬೆನ್ನಿಗೆ ಹೆಬ್ಬೆರಳಿನಿಂದ ಸುಣ್ಣ ಸವರಿ, ಮಡಿಸಿ ಬಾಯಿಗೆ ಹಾಕಿಕೊಂಡು, “ಹಂಗಾರೆ ನಾವು ಪರದೇಸಿಗಳು ಅನ್ನು” ಎಂದಳು.

ನಗರದವರಿಗೆ ಇದು ತಿರುವುಮುರುವಾಗಿ ಕೇಳಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಂಡ್ಯ ಕಡೆ ಪರದೇಸಿ ಅಂದರೆ ಬೇರೆ ದೇಶದವನಲ್ಲ, ಹಿಂದೆ ಮುಂದೆ ಯಾರೂ ಇಲ್ಲದವನು. ಸ್ವಂತ ಊರಲ್ಲೇ ಹುಟ್ಟಿ, ಸ್ವಂತ ಊರಲ್ಲೇ ಸತ್ತವನೂ ಪರದೇಸಿಯಾಗಬಹುದು. ಪರದೇಶಕ್ಕೆ ಹೋದವನಿಗೆ ನೆಂಟರಿಲ್ಲ. ಆಮೇಲೆ ಆ ಮಾತಿನಿಂದ ದೇಶ ಉದುರಿ ನೆಂಟರಿಲ್ಲದ್ದು ಮಾತ್ರ ಉಳಿಯಿತು. ಆಕಾಶದಲ್ಲಿ ಯಾರೂ ಸಿಗದಿದ್ದರೆ ಪರದೇಸಿಗಳು ಅವರಲ್ಲ, ನಾವು. ನಮ್ಮ ಆಕಾಶಗಂಗೆಯೊಂದರಲ್ಲೇ ಹತ್ತು ಸಾವಿರ ಕೋಟಿಗೆ ಕಡಿಮೆಯಿಲ್ಲದಷ್ಟು ನಕ್ಷತ್ರಗಳು ಎಂದು ನಾನು ಫಲಕದಲ್ಲಿ ಬರೆದಿದ್ದೆ. ಮನುಷ್ಯನ ಜಾಗ ಎಲ್ಲಿ ಎಂದು ಆ ಅಂಕಿಗಿಂತ ನೆಟ್ಟಗೆ ದೊಡ್ಡವ್ವನ ಪದ ಹೇಳಿಬಿಟ್ಟಿತು.

ಅಲ್ಲಿಂದ ನನಗೆ ‘ಪರ’ದ ಗೀಳು ಹತ್ತಿತು. ‘ಪರಗ್ರಹ’ ಎಂದು ಬರೆದರೆ ಹೇಗೆ? ಒತ್ತು ಒಂದೇ, ಬೋರ್ಡಿನವನೂ ಖುಷಿ. ‘ಪರಲೋಕ’ ಮಾತ್ರ ಆಗದು, ಅಲ್ಲಿಗೆ ಸತ್ತವರು ಹೋಗುತ್ತಾರೆ. ಪರಗ್ರಹವನ್ನು ನೋಡುತ್ತ ಕೂತಾಗ ನೆನಪಾದದ್ದು ವಾಯೇಜರ್ ತಟ್ಟೆ.

1977ರ ಆಗಸ್ಟ್ 20 ಮತ್ತು ಸೆಪ್ಟೆಂಬರ್ 5ರಂದು ಹಾರಿದ ನಾಸಾದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಚಿನ್ನದ ಲೇಪದ ಒಂದೊಂದು ತಾಮ್ರದ ಧ್ವನಿತಟ್ಟೆ ಇದೆ. ಎಂದಾದರೂ ಯಾರ ಕೈಗಾದರೂ ಸಿಕ್ಕೀತು ಎಂದು 55 ಭಾಷೆಗಳ ನಮಸ್ಕಾರ ಅದರಲ್ಲಿದೆ. ಕನ್ನಡವೂ ಇದೆ. ಇಷ್ಟೇ ಮಾತು: “ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.” ವಾಯೇಜರ್-1 2012ರಲ್ಲಿ, ವಾಯೇಜರ್-2 2018ರಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿ ನಕ್ಷತ್ರಗಳ ನಡುವಿನ ಬಯಲಿಗೆ ಇಳಿದವು. ಕನ್ನಡದ ಮಾತು ಹೋಗಿರುವ ಅತಿ ದೂರದ ಜಾಗ ಅದು. ಆ ಮಾತಿನ ಒಳಗೇ ‘ಪರ’ ಕೂತಿದೆ!

ಉಳಿದವರು ಏನು ಹೇಳಿದ್ದಾರೆ ನೋಡಿ. ಗುಜರಾತಿಯಲ್ಲಿ ‘ಭೂಮಿಯ ಒಬ್ಬ ಮನುಷ್ಯನ ನಮಸ್ಕಾರ, ದಯವಿಟ್ಟು ಸಂಪರ್ಕಿಸಿ’ ಎಂಬರ್ಥದ ಮಾತಿದೆ. ತುರ್ಕಿಯವರು ‘ತುರ್ಕಿ ಬಲ್ಲ ಗೆಳೆಯರೆ’ ಎಂದೇ ಶುರುಮಾಡುತ್ತಾರೆ, ಅವರ ಭರವಸೆ ದೊಡ್ಡದು. ಚೀನದ ಅಮೋಯ್ ಮಾತಿನವರು ‘ಊಟ ಆಯಿತೇ? ಬಿಡುವಾದಾಗ ಬನ್ನಿ’ ಎಂದಿದ್ದಾರೆ. ಇದು ಮಂಡ್ಯದವರು ಹೇಳಬೇಕಿದ್ದ ಮಾತು, ಕೈತಪ್ಪಿತು. ನಮ್ಮದು ಸಭೆಯ ಸ್ವಾಗತ ಭಾಷಣದ ಧಾಟಿ; ಇನ್ನೇನು ಹಾರ ಹಾಕಬೇಕು, ಅಷ್ಟೆ. ನಮ್ಮ ಕಡೆ ಬಾಯಿಗೆ ಬರುವ ‘ನಮಸ್ಕಾರ’ ಹೋಗಿ ‘ನಮಸ್ತೆ’ ಯಾಕೆ ಬಂತೋ. ಆದರೂ ಆ ‘ಪರವಾಗಿ’ಯನ್ನು ನಾನು ಬಿಟ್ಟುಕೊಡಲಾರೆ.

ಯಾಕೆಂದರೆ ‘ಪರ’ ಕನ್ನಡದಲ್ಲಿ ಮುಂದೆ ನಿಂತರೆ ಒಂದು, ಹಿಂದೆ ನಿಂತರೆ ಇನ್ನೊಂದು. ಪರದೇಶ ಎಂದರೆ ಬೇರೆಯವರದು, ದೇಶಪರ ಎಂದರೆ ದೇಶದ ಕಡೆಯವನು. ಪರಜನ ಹೊರಗಿನವರು, ಜನಪರ ಜನರ ಪಕ್ಷ. ಪರಭಾಷೆ, ಭಾಷಾಪರ. ಮುಂದೆ ಬಂದ ‘ಪರ’ ಬೇಲಿ ಹಾಕುತ್ತದೆ, ಹಿಂದೆ ಬಂದ ‘ಪರ’ ಬೇಲಿಯ ಈಚೆ ಬಂದು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತದೆ. ಸಂಸ್ಕೃತದಲ್ಲಿ ಮೊದಲನೆಯದಕ್ಕೆ ಬೇರೆ, ಆಚೆಯ, ಶತ್ರು ಎಂಬ ಅರ್ಥಗಳಿವೆ. ‘ಪರಂತಪ’ ಎಂದರೆ ಶತ್ರುಗಳನ್ನು ಸುಡುವವನು. ಸಮಾಸದ ಕೊನೆಯಲ್ಲಿ ಬಂದಾಗ ಅದೇ ಪದಕ್ಕೆ ‘ಅದರಲ್ಲೇ ತೊಡಗಿದ’ ಎಂಬ ಅರ್ಥ, ‘ತತ್ಪರ’ದಲ್ಲಿ ಇದ್ದ ಹಾಗೆ. ತೊಡಗಿದವನು ಮೆಲ್ಲಗೆ ಪಕ್ಷ ವಹಿಸಿದವನಾದ ಎಂದು ನನ್ನ ಊಹೆ. ವಕೀಲರ ‘ವಾದಿಯ ಪರ’, ಪತ್ರಗಳ ‘ಪರವಾಗಿ’ ಎಲ್ಲ ಆ ದಾರಿಯವೇ ಇರಬೇಕು. (‘ಪರವಾಗಿಲ್ಲ’ ಇದಕ್ಕೆ ನೆಂಟನಲ್ಲ. ಅದು ಫಾರಸಿಯ ‘ಪರವಾ’ಕ್ಕೆ ‘ಇಲ್ಲ’ ಸೇರಿದ್ದು, ಅಂದರೆ ಚಿಂತೆಯಿಲ್ಲ ಎಂದು. ತಮ್ಮನ ಮಗನಿಗೆ ತಟ್ಟೆಯ ಮಾತು ಕೇಳಿಸಿದಾಗ ಅವನು “ಕನ್ನಡಿಗರು ಪರವಾಗಿಲ್ಲ” ಎಂದ.)

ಈಗ ನನ್ನ ಪ್ರಶ್ನೆ. ಬಲ್ಲವರು ಹೇಳಿ: ‘ಕಡೆಯ, ಪಕ್ಷದ’ ಎಂಬ ಅರ್ಥದ ಪರಪ್ರತ್ಯಯದಂಥ ಈ ‘ಪರ’ ಹಳಗನ್ನಡ ಕಾವ್ಯಗಳಲ್ಲೋ ಶಾಸನಗಳಲ್ಲೋ ಸಿಗುತ್ತದೆಯೇ? ಅಥವಾ ಇದು ಕೋರ್ಟು ಕಚೇರಿಯ ಕನ್ನಡ ಬೆಳೆದ ಮೇಲಿನದೇ? ಶಾಸನಗಳಲ್ಲಿ ನನ್ನ ಕಣ್ಣಿಗೆ ಬಿದ್ದ ‘ಪರ’ಗಳೆಲ್ಲ ‘ಪರಬಲ’ದಂಥ ಶತ್ರುವಿನವು. ಮಾನಸಗಂಗೋತ್ರಿಯ ಕಡೆ ಓಡಾಡುವವರಿಗೆ ಉದಾಹರಣೆ ಸಿಕ್ಕರೆ ಒಂದು ಸಾಲು ಹಾಕಿ.

ಜೊತೆಗೆ ಇನ್ನೊಂದು ಚಿಲ್ಲರೆ ಅನುಮಾನ. ವಾಯೇಜರ್ ಹಾರುವ ಐದು ದಿನ ಮುಂಚೆ, 1977ರ ಆಗಸ್ಟ್ 15ರಂದು, ಓಹಾಯೋದ ಒಂದು ರೇಡಿಯೊ ದೂರದರ್ಶಕಕ್ಕೆ 72 ಸೆಕೆಂಡು ಬಲವಾದ ಸಂಕೇತ ಸಿಕ್ಕಿತು. ಕೆಲವು ದಿನದ ಮೇಲೆ ಮುದ್ರಿತ ಹಾಳೆ ನೋಡಿದ ಖಗೋಳ ವಿಜ್ಞಾನಿ ಜೆರಿ ಎಹ್ಮನ್ ಅದರ ಪಕ್ಕ ‘ವಾವ್!’ ಎಂದು ಗೀಚಿದ, ಸಂಕೇತಕ್ಕೆ ಅದೇ ಹೆಸರು ನಿಂತಿತು. ಅದು ಮತ್ತೆಂದೂ ಕೇಳಿಸಲಿಲ್ಲ. ಇದನ್ನು ‘ಅಬ್ಬಾ ಸಂಕೇತ’ ಎನ್ನಬಹುದೇ? ‘ಭಲೆ’ ಎಂದರೆ ಗರಡಿಮನೆಯ ವಾಸನೆ ಬರುತ್ತದೆ. ನಾನು ‘ಅಬ್ಬಾ’ ಕಡೆಗೇ ಇದ್ದೇನೆ.

ತಲೆಬರಹಕ್ಕೆ ಈಗ ಉಳಿದಿರುವುದು ಎರಡು. ಒಂದು ‘ಪರಗ್ರಹದವರು’. ಇನ್ನೊಂದು ಮೊನ್ನೆ ರಾತ್ರಿ ಹೊಳೆದದ್ದು: ‘ಯಾರಲ್ಲಿ?’ ಮೂರೇ ಅಕ್ಷರ, ಒಂದೇ ಒತ್ತು, ಗ್ರಹವೂ ಬೇಡ, ಬುದ್ಧಿಯೂ ಬೇಡ, ಪರವೂ ಬೇಡ. ಮೇಷ್ಟರೊಬ್ಬರಿಗೆ ತೋರಿಸಿದರೆ ನಕ್ಕರು. “ಇದು ಕಂಪನಿ ನಾಟಕದ ರಾಜ ಸೇವಕರನ್ನ ಕರೆಯೋ ಮಾತಾಯ್ತಲ್ಲ, ಕೂಗಿದ ತಕ್ಷಣ ಪರದೆ ಹಿಂದಿನಿಂದ ‘ಅಪ್ಪಣೆ ಪ್ರಭು’ ಅಂತ ಒಬ್ಬ ಬಂದೇ ಬರ್ತಾನೆ” ಎಂದರು. ನಿಜ. ಆದರೆ ಊರಲ್ಲಿ ರಾತ್ರಿ ಹಿತ್ತಲಲ್ಲಿ ಸದ್ದಾದರೆ ಲಾಟೀನು ಎತ್ತಿ ಕೂಗುವುದೂ ಅದೇ ಮಾತನ್ನೇ. ಓದುವವರಿಗೆ ಮೊದಲು ಕೇಳಿಸುವುದು ರಾಜನ ದನಿಯೋ, ಹಿತ್ತಲಿನ ದನಿಯೋ? ಬೋರ್ಡಿನವನು ಶುಕ್ರವಾರ ಬೆಳಗ್ಗೆ ಬರುತ್ತಾನೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.